ದೋಣಿ ಕೊಂಡ ಸೊಸೆಗೆ ಮಾವನ ಪತ್ರ

ಹೊನ್ನಾವರ
ನವೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟಿ,

ನಿನ್ನ ಅತ್ತೆಯ ಮಂಡಿನೋವು ಥಂಡಿ ಶುರುವಾದ ಮೇಲೆ ತುಸು ಜಾಸ್ತಿಯಾಗಿದೆ, ಉಳಿದಂತೆ ಸೌಖ್ಯ. ನೀನು ಕಳಿಸಿದ ವಿಡಿಯೊ ನೋಡಿದೆವು. ಗೆಳೆಯರೆಲ್ಲ ದುಡ್ಡು ಹಾಕಿ ಗಾಳಿ ತುಂಬುವ ಎರಡು ಕಯಾಕು ಕೊಂಡದ್ದು, ಅದರಲ್ಲಿ ನೀನು ಮುಂದೆ ಕೂತು ಹುಟ್ಟು ಹಾಕಿದ್ದು, ಎಲ್ಲ ಚೆಂದವೇ. ಡಿಸೆಂಬರ್ ರಜೆಗೆ ಆರು ಜನ ಇಲ್ಲಿಗೆ ಬಂದು ಶರಾವತಿಯಲ್ಲಿ ಎರಡು ದಿನ ಓಡಾಡಬೇಕು, ಜೊತೆಗೊಂದು ಮೋಟಾರು ದೋಣಿ ಬಾಡಿಗೆಗೆ ಹಿಡಿದು ಅಳಿವೆಯ ತನಕ ಹೋಗಬೇಕು ಎಂದು ಬರೆದಿದ್ದೀಯ. ಕೊನೆಗೆ ‘ಮಾವ, ಬೇಡ ಅನ್ನಬೇಡಿ’ ಅಂತ ಬೇರೆ.

ಬೇಡ ಅನ್ನುವುದಿಲ್ಲ ಮಾರಾಯ್ತಿ. ಹೊಳೆದಂಡೆಯ ಮನೆಯ ಮೊಮ್ಮಗಳು ನೀರಿಗಿಳಿಯದೆ ಇನ್ಯಾರು ಇಳಿಯಬೇಕು? ಆದರೆ ನೌಕರಿಯ ಕಾಲವನ್ನೆಲ್ಲ ಬಂದರು ಕಚೇರಿಯಲ್ಲಿ ದೋಣಿಗಳ ಕಾಗದ ನೋಡುತ್ತ ಕಳೆದವನು ನಾನು. ಆ ವಿಡಿಯೊದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ನಿನ್ನ ನಗುಮುಖಕ್ಕಲ್ಲ, ನಿನ್ನ ಬೆನ್ನ ಹಿಂದೆ ಒರಗುದಿಂಬಿನ ಹಾಗೆ ಇಟ್ಟುಕೊಂಡಿದ್ದ ಲೈಫ್ ಜಾಕೆಟ್ಟಿಗೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ‘ಹೂಂ ಮಾವ, ಹೂಂ ಮಾವ’ ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ.

ನೀವು ಇಲ್ಲಿಯತನಕ ಹುಟ್ಟು ಹಾಕಿದ್ದು ಕೆರೆಯಲ್ಲಿ. ಅಲ್ಲಿ ನೀರು ನಿಂತಿರುತ್ತದೆ, ನೀರಿನ ಮೇಲೆ ನಿಮ್ಮಂಥವರೇ ಇರುತ್ತಾರೆ. ಇಲ್ಲಿಯ ಹೊಳೆ ಹಾಗಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಕೊಂಕಣ ರೈಲಿನ ಆ ಎರಡು ಕಿಲೋಮೀಟರ್ ಉದ್ದದ ಸೇತುವೆಯ ಆಚೀಚೆ ನೋಡು. ಪಾತಿದೋಣಿಯಲ್ಲಿ ಒಬ್ಬನೇ ನಿಂತು ಬೀಸುಬಲೆ ಎಸೆಯುವವನಿದ್ದಾನೆ. ಹೊಯ್ಗೆ ತುಂಬಿದ ದೋಣಿ ದಡ ಹಿಡಿದು ಬರುತ್ತಿರುತ್ತದೆ. ಇಳಿತದ ಹೊತ್ತಾದರೆ ನಡುಹೊಳೆಯ ದಿಬ್ಬದ ಅಂಚಿನಲ್ಲಿ ಹೆಂಗಸರು ಎದೆಮಟ್ಟ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ, ಮುಳುಗಿ ಬೆಳಚು ಚಿಪ್ಪು ಹೆಕ್ಕುತ್ತಿರುತ್ತಾರೆ. ದೂರದಿಂದ ನೋಡಿದರೆ ತಲೆ ಮಾತ್ರ ಕಾಣುತ್ತದೆ, ಮುಳುಗಿದಾಗ ಅದೂ ಇಲ್ಲ. ನಿಮ್ಮ ಮೋಜು ನಡೆಯುವುದು ಇವರೆಲ್ಲ ದುಡಿಯುವ ಜಾಗದಲ್ಲಿ. ಇದೊಂದು ಮನಸ್ಸಿನಲ್ಲಿದ್ದರೆ ನಾನು ಮುಂದೆ ಬರೆಯುವುದರಲ್ಲಿ ಅರ್ಧ ನಿನಗೇ ಹೊಳೆಯುತ್ತದೆ.

ಆ ಹೊಯ್ಗೆ ದೋಣಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು ನೀನು. ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿದಿದ್ದರೆ ಹೆಚ್ಚು. ಹಿಂದೆ ಕೂತವನು ನೀರನ್ನೇ ನೋಡುತ್ತ, ತೂಕ ತಪ್ಪದಂತೆ ಮೆಲ್ಲಗೆ ತರುತ್ತಾನೆ. ಅವನ ಪಕ್ಕದಲ್ಲಿ ನಿಮ್ಮ ಬಾಡಿಗೆ ದೋಣಿ ಮೂತಿ ಎತ್ತಿಕೊಂಡು ಭರ್ರನೆ ಹೋಯಿತು ಅಂತಿಟ್ಟುಕೋ. ನೀವು ಕೈಬೀಸಿ ‘ಹಾಯ್’ ಅಂದು ಮುಂದೆ ಹೋಗಿಯೂ ಆಯಿತು. ನಿಮ್ಮ ದೋಣಿ ಎಬ್ಬಿಸಿದ ಅಲೆ ಅವನನ್ನು ಮುಟ್ಟುವುದು ಆಮೇಲೆ. ಮೊದಲನೆಯದು ಅಂಚನ್ನು ನೆಕ್ಕುತ್ತದೆ, ಎರಡನೆಯದು ಒಳಗೆ ಬರುತ್ತದೆ. ಒದ್ದೆಯಾದ ಹೊಯ್ಗೆ ಇನ್ನೂ ಭಾರ, ದೋಣಿ ಇನ್ನೂ ತಗ್ಗುತ್ತದೆ, ಮೂರನೆಯದಕ್ಕೆ ಹೇಳಿ ಕಳಿಸಬೇಕಾಗಿಲ್ಲ. ನೀವು ತಿರುಗಿ ನೋಡದಿದ್ದರೆ ನಿಮಗೆ ಗೊತ್ತೂ ಆಗುವುದಿಲ್ಲ. ಬೆಳಚು ಹೆಕ್ಕುವವರಿಗೂ ಕಯಾಕಿನಲ್ಲಿ ಕೂತವರಿಗೂ ಇದೇ ಕಥೆ. ನಮ್ಮ ದೋಣಿ ಎಬ್ಬಿಸಿದ ಅಲೆ ಏನು ಮಾಡಿದರೂ ಅದಕ್ಕೆ ನಾವೇ ಜವಾಬ್ದಾರರು. ಸಣ್ಣ ದೋಣಿ, ಬಲೆ, ನೀರಿನಲ್ಲಿ ನಿಂತ ಜನ, ಧಕ್ಕೆಯಲ್ಲಿ ಕಟ್ಟಿದ ದೋಣಿ ಕಂಡರೆ ಎಂಜಿನ್ ಇಳಿಸಬೇಕು. ಪಕ್ಕಕ್ಕೆ ಬಂದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ. ಬೆನ್ನ ಹಿಂದಿನ ಅಲೆ ನಿಮ್ಮನ್ನು ದಾಟಿ ಮುಂದೆ ಹೋಗುತ್ತದೆ. ಸಾಕಷ್ಟು ದೂರದಲ್ಲಿರುವಾಗಲೇ ಇಳಿಸಿ, ದೋಣಿಯ ಮೂತಿ ಕೆಳಗೆ ಕೂತಮೇಲೆ ಹತ್ತಿರ ಹೋಗಬೇಕು. ನಡೆಸುವವನು ಬಾಡಿಗೆ ದೋಣಿಯವನಾದರೂ ‘ಅಣ್ಣ, ನಿಧಾನ’ ಎಂದು ಹೇಳುವ ಬಾಯಿ ನಿಮಗಿರಲಿ. ಗಿರಾಕಿಗಳು ಕೂಗಿ ಹುರಿದುಂಬಿಸುತ್ತಾರೆ ಎಂದೇ ಅವರು ಓಡಿಸುವುದು.

ಬಲೆಯ ವಿಷಯ ಬೇಗ ಮುಗಿಸುತ್ತೇನೆ. ನೀರಿನ ಮೇಲೆ ಸಾಲಾಗಿ ಬೆಂಡು, ಥರ್ಮೋಕೋಲ್ ತುಂಡು ಅಥವಾ ಖಾಲಿ ಬಾಟಲಿ ತೇಲುತ್ತಿದ್ದರೆ ಅದು ಕಸವಲ್ಲ, ಕೆಳಗೆ ಬಲೆ ಇದೆ. ಸುತ್ತುಹಾಕಿ ಹೋಗಿ. ಎರಡು ಬೆಂಡಿನ ನಡುವೆ ನುಸುಳಿದರೆ ಬಲೆಯೂ ಹಾಳು, ನಿಮ್ಮ ಪ್ರೊಪೆಲ್ಲರೂ ಹಾಳು. ಒಂದು ಬಲೆಯ ಬೆಲೆ ಎಷ್ಟೆಂದು ನೀವು ಬಂದಾಗ ಧಕ್ಕೆಯಲ್ಲಿ ಯಾರನ್ನಾದರೂ ಕೇಳು, ನಿಮ್ಮ ಕಯಾಕಿನ ಬೆಲೆ ನೆನಪಾಗುತ್ತದೆ.

ಈಗ ನೀರಿನ ಸ್ವಭಾವ. ಇದನ್ನು ತುಸು ಗಮನವಿಟ್ಟು ಓದು, ಯಾಕೆಂದರೆ ನಿಮ್ಮ ತಂಡದಲ್ಲಿ ಅಳಿವೆಯ ನೀರು ನೋಡಿದವರು ಯಾರೂ ಇದ್ದಂತಿಲ್ಲ. ಸಮುದ್ರ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಭರತಿಯಿಂದ ಇಳಿತಕ್ಕೆ ಆರು ತಾಸು ಚಿಲ್ಲರೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ಸರ್ವೆ ಆಫ್ ಇಂಡಿಯಾದವರು ವರ್ಷಾವರ್ಷ ಇದರ ಕೋಷ್ಟಕ ಪ್ರಕಟಿಸುತ್ತಾರೆ, ಕಾರವಾರದ್ದನ್ನು ನೋಡಿಕೊಂಡರೆ ನಮಗೆ ಸಾಕು. ನಮ್ಮ ಮೀನುಗಾರರು ಕೋಷ್ಟಕ ನೋಡುವುದಿಲ್ಲ, ತಿಥಿ ಹೇಳಿದರೆ ಹೊತ್ತು ಹೇಳುತ್ತಾರೆ. ಇನ್ನೊಂದು ಲೆಕ್ಕವಿದೆ: ಆ ಆರು ತಾಸಿನಲ್ಲಿ ನೀರು ಒಂದೇ ಸಮನೆ ಹರಿಯುವುದಿಲ್ಲ. ಶುರುವಿನಲ್ಲಿ ನಿಧಾನ, ಕೊನೆಯಲ್ಲಿ ನಿಧಾನ, ಏರುವ ಅಥವಾ ಇಳಿಯುವ ಒಟ್ಟು ನೀರಿನ ಅರ್ಧದಷ್ಟು ನಡುವಿನ ಎರಡು ತಾಸಿನಲ್ಲೇ ಹರಿದುಬಿಡುತ್ತದೆ. ಆ ಹೊತ್ತಿನಲ್ಲಿ ಗಾಳಿ ತುಂಬಿದ ಕಯಾಕಿನಲ್ಲಿ ಎದುರು ಹುಟ್ಟು ಹಾಕಿದರೆ ದಡದ ತೆಂಗಿನಮರ ಇದ್ದಲ್ಲೇ ಇರುತ್ತದೆ, ನಿಮ್ಮ ತೋಳು ಮಾತ್ರ ಸೋಲುತ್ತದೆ.

ಇದರ ಮೇಲೆ ಗಾಳಿ. ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ನಮ್ಮಲ್ಲಿ ಬೀಸುವುದು ಮೂಡುಗಾಳಿ, ನೆಲದಿಂದ ಕಡಲಿಗೆ. ಮಧ್ಯಾಹ್ನದ ಮೇಲೆ ಪಡುಗಾಳಿ, ಕಡಲಿನಿಂದ ನೆಲಕ್ಕೆ. ನೀವು ಬೆಂಗಳೂರಿನವರು ತಂಪು ಹೊತ್ತು ಎಂದು ಬೆಳಿಗ್ಗೆಯೇ ಇಳಿಯುತ್ತೀರಿ. ಆಗ ಇಳಿತವೂ ಸೇರಿಕೊಂಡರೆ ನೀರು, ಗಾಳಿ ಎರಡೂ ಒಂದೇ ದಿಕ್ಕಿಗೆ, ಸಮುದ್ರದ ಕಡೆಗೆ ತಳ್ಳುತ್ತವೆ. ಹುಟ್ಟು ಹಾಕದೆಯೂ ಕಯಾಕು ಓಡುತ್ತದೆ, ‘ಅಬ್ಬ, ಎಷ್ಟು ಸಲೀಸು’ ಅನಿಸುತ್ತದೆ. ಆ ಸಲೀಸೇ ಅಪಾಯ. ಗಾಳಿ ತುಂಬಿದ ದೋಣಿ ನೀರಿನೊಳಗೆ ಕೂರುವುದಿಲ್ಲ, ಮೇಲೆ ತೇಲುತ್ತದೆ. ಗಾಳಿ ಅದನ್ನು ಎತ್ತ ಬೇಕಾದರೂ ಒಯ್ಯುತ್ತದೆ. ಇನ್ನು ಮಧ್ಯಾಹ್ನ ಇಳಿತದ ನೀರು ಹೊರಗೆ ನುಗ್ಗುತ್ತಿರುವಾಗ ಪಡುಗಾಳಿ ಎದುರಿಗೆ ಬಂದರೆ ಅಳಿವೆಯ ಬಾಯಿಯಲ್ಲಿ ಗಿಡ್ಡವಾದ, ಕಡಿದಾದ ಅಲೆಗಳು ಏಳುತ್ತವೆ. ದೊಡ್ಡ ಬೋಟುಗಳೇ ಅಲ್ಲಿ ದಾರಿ ನೋಡಿ ಬರುತ್ತವೆ. ಮರಳಿನ ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ, ಕಳೆದ ವರ್ಷದ ದಾರಿ ಈ ವರ್ಷ ಇರುವುದಿಲ್ಲ.

ಆದ್ದರಿಂದ ಅಳಿವೆಯ ಬಾಯಿಗೆ ಕಯಾಕು ಬೇಡ. ಇದೊಂದು ಕಡೆ ನಾನು ಬೇಡ ಅನ್ನುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಭರತಿ ಶುರುವಾಗುವ ಹೊತ್ತಿಗೆ ಇಳಿದು, ಮೇಲೇರುವ ನೀರಿನ ಜೊತೆಗೆ ಮೂಡಣಕ್ಕೆ, ಮಾವಿನಕುರ್ವೆಯ ಕಡೆಗೆ ಹೋಗಿ. ನೀರು ತಿರುಗಿದ ಮೇಲೆ ಅದರ ಜೊತೆಗೇ ವಾಪಸು ಬನ್ನಿ. ಆಯಾಸಗೊಂಡ ಹೊತ್ತಿಗೆ ನೀರು ನಿಮ್ಮ ಪರವಾಗಿರಬೇಕು. ಸೇತುವೆಯ ಕಂಬಗಳ ಹತ್ತಿರ ಸುಳಿಯಬೇಡಿ. ಕಯಾಕು ಅಡ್ಡತಿರುಗಿ ಕಂಬಕ್ಕೆ ತಾಗಿದರೆ ಹರಿಯುವ ನೀರು ಅದನ್ನು ಅಲ್ಲೇ ಒತ್ತಿಹಿಡಿದು ಮಗುಚುತ್ತದೆ, ಎರಡು ಕಂಬಗಳ ನಟ್ಟನಡುವೆ ನೇರವಾಗಿ ದಾಟಿ. ಗೇರುಸೊಪ್ಪೆಯ ತನಕ ಹೋಗುವ ಆಸೆಯಿದ್ದರೆ ಕಾರಿನಲ್ಲಿ ಹೋಗಿ ನೋಡಿಬನ್ನಿ. ಅಣೆಕಟ್ಟಿನ ಕೆಳಗೆ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ನಿಮ್ಮನ್ನು ಕೇಳಿ ಏರುವುದಿಲ್ಲ.

ಜಾಕೆಟ್ಟಿಗೆ ಬರುತ್ತೇನೆ. ‘ನನಗೆ ಈಜು ಬರುತ್ತದೆ’ ಅನ್ನುತ್ತೀಯ. ಬರುತ್ತದೆ, ನಿನ್ನ ಅಮ್ಮನೇ ಕಲಿಸಿದ್ದು, ಗೊತ್ತು. ಈಜುಕೊಳದಲ್ಲಿ ಈಜುವುದಕ್ಕೂ ಬಟ್ಟೆಯಲ್ಲಿ, ಹರಿವಿನಲ್ಲಿ, ಹುಟ್ಟು ತಲೆಗೆ ಬಡಿದ ಮೇಲೆ ಈಜುವುದಕ್ಕೂ ವ್ಯತ್ಯಾಸವಿದೆ. ದೋಣಿ ಮಗುಚಿದ ಮೇಲೆ ಜಾಕೆಟ್ ಹುಡುಕಿ ಹಾಕಿಕೊಂಡೇನು ಎಂದುಕೊಳ್ಳಬೇಡ, ನೀರಿನಲ್ಲಿ ತೇಲುತ್ತಾ ಅದರ ಬಕಲು ಸಿಗಿಸುವುದು ಸರ್ಕಸ್ಸಿನವರಿಗೂ ಕಷ್ಟ. ನಿನ್ನ ಜಾಕೆಟ್ಟಿನ ಒಳಚೀಟಿ ತೆಗೆದು ನೋಡು, ಅದರಲ್ಲಿ 50 ನ್ಯೂಟನ್, 100 ನ್ಯೂಟನ್ ಎಂದು ಬರೆದಿರುತ್ತದೆ. 50ರದ್ದು ಈಜು ಬಲ್ಲವರಿಗೆ, ಸಹಾಯ ಹತ್ತಿರವೇ ಇರುವ ಕಡೆಗೆ. ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆ ಎಂಬ ಭರವಸೆಯಿಲ್ಲ. ಈಜು ಬಾರದ ಗೆಳೆಯರಿದ್ದರೆ ಅವರಿಗೆ 100ರದ್ದೇ ಇರಲಿ. ಹಾಕಿಕೊಂಡು ಎಲ್ಲ ಬಕಲೂ ಬಿಗಿಮಾಡಿದ ಮೇಲೆ ಇನ್ನೊಬ್ಬರಿಗೆ ಹೇಳಿ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆಳೆಯಿಸು. ಗಲ್ಲ ದಾಟಿ ಕಿವಿಯ ತನಕ ಬಂದರೆ ಅದು ಸಡಿಲ, ನೀರಿನಲ್ಲಿ ನೀನು ಕೆಳಗೆ, ಜಾಕೆಟ್ ಮೇಲೆ. ಒಂದು ಪೀಪಿ ಅದಕ್ಕೇ ಕಟ್ಟಿರಲಿ, ಗಾಳಿಯಲ್ಲಿ ಕೂಗು ಕೇಳಿಸುವುದಿಲ್ಲ, ಪೀಪಿ ಕೇಳಿಸುತ್ತದೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣಗಳಿವೆ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದಿಂದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ದೋಣಿಯಲ್ಲಿ ಮಿತಿ ಮೀರಿ ಜನ ಇದ್ದರು, ಮಕ್ಕಳಿದ್ದರು. 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ 22 ಜನ. ಅಲ್ಲಿಯೂ ಜನ ಹೆಚ್ಚು, ಹೊತ್ತು ಮುಳುಗಿದ ಮೇಲಿನ ಸವಾರಿ, ಮೀನುದೋಣಿಯನ್ನೇ ಪ್ರವಾಸಿ ದೋಣಿಯಾಗಿ ಮಾಡಿದ್ದು. 2009ರಲ್ಲಿ ತೇಕ್ಕಡಿಯ ಜಲಾಶಯದಲ್ಲಿ ದಡದ ಪ್ರಾಣಿಗಳನ್ನು ನೋಡಲು ಜನರೆಲ್ಲ ಒಂದೇ ಮಗ್ಗುಲಿಗೆ ಸರಿದಾಗ ದೋಣಿ ಮಗುಚಿ 45 ಜನ. ಇವೆಲ್ಲ ಬಿರುಗಾಳಿಯ ದಿನಗಳಲ್ಲ ಪುಟ್ಟಿ, ಹಬ್ಬದ, ರಜೆಯ ದಿನಗಳು. ದೋಣಿಯಲ್ಲಿ ಒಬ್ಬರು ಡಾಲ್ಫಿನ್ ಎಂದು ಕೂಗಿದ ಕೂಡಲೇ ಎಲ್ಲರೂ ಎದ್ದು ಒಂದು ಮಗ್ಗುಲಿಗೆ ಓಡುವುದನ್ನು ನೀನು ತಡೆಯಬೇಕು. ಕೂತಲ್ಲಿಂದಲೇ ನೋಡಿ, ಕೂತಲ್ಲಿಂದಲೇ ಫೋಟೊ ತೆಗೆಯಿರಿ. ಎದ್ದು ನಿಂತು ಸೆಲ್ಫಿ ತೆಗೆಯುವವನನ್ನು ಮುಂದಿನ ಧಕ್ಕೆಯಲ್ಲಿ ಇಳಿಸಿಬಿಡು, ನನ್ನ ಹೆಸರು ಹೇಳು.

ಬಾಡಿಗೆ ದೋಣಿ ಹತ್ತುವಾಗ ಮುಜುಗರಪಡದೆ ಕೇಳು: ನೋಂದಣಿ ಆಗಿದೆಯಾ, ಎಷ್ಟು ಜನರಿಗೆ ಪರವಾನಗಿ, ಜಾಕೆಟ್ ಎಷ್ಟಿವೆ. ಒಳನಾಡಿನ ಜಲಯಾನಗಳಿಗೆ 1917ರ ಹಳೆಯ ಕಾನೂನಿನ ಬದಲು 2021ರಲ್ಲಿ ಹೊಸ ಕಾನೂನು ಬಂದಿದೆ. ತಪಾಸಣೆ, ನೋಂದಣಿ, ವಿಮೆ ಎಲ್ಲ ಅದರಲ್ಲಿದೆ. ಕಾನೂನು ಕಾಗದದಲ್ಲಿರುತ್ತದೆ, ಜಾಕೆಟ್ ದೋಣಿಯಲ್ಲಿರಬೇಕು. ಸೀಟು ಖಾಲಿ ಇದೆ ಎಂದರೆ ಇನ್ನೊಬ್ಬರು ಕೂರಬಹುದು ಎಂದು ಅರ್ಥವಲ್ಲ. ಆರು ಜನ, ಅವರ ಬ್ಯಾಗು, ತಂಪುಪೆಟ್ಟಿಗೆ ಎಲ್ಲ ತೂಕವೇ. ಎಂಜಿನ್ ನಡೆಸುವವನ ಮಣಿಕಟ್ಟಿಗೆ ಒಂದು ಕೆಂಪು ಹಗ್ಗ ಸಿಗಿಸುವ ವ್ಯವಸ್ಥೆ ಇರುತ್ತದೆ. ಅವನು ಬಿದ್ದರೆ ಎಂಜಿನ್ ತಾನೇ ನಿಲ್ಲಲಿ ಎಂದು. ಅದನ್ನು ಹ್ಯಾಂಡಲಿಗೆ ಸುತ್ತಿಟ್ಟಿದ್ದರೆ ನಗುತ್ತಲೇ ನೆನಪು ಮಾಡು. ನೀರಿನಲ್ಲಿ ಈಜುತ್ತಿರುವವರು ದೋಣಿಗೆ ಹತ್ತುವಾಗ ಎಂಜಿನ್ ಪೂರ್ತಿ ಬಂದ್ ಆಗಿರಬೇಕು, ನ್ಯೂಟ್ರಲ್ ಸಾಲದು.

ನೀರಿನ ಮೇಲೂ ರಸ್ತೆ ನಿಯಮಗಳಿವೆ, ಗೊತ್ತೇ? 1972ರಲ್ಲಿ ದೇಶದೇಶಗಳು ಕೂತು ಮಾಡಿಕೊಂಡವು. ನಮ್ಮ ರಸ್ತೆಯಲ್ಲಿ ಎಡಕ್ಕೆ, ನೀರಿನಲ್ಲಿ ಬಲಕ್ಕೆ. ಎದುರೆದುರು ಬಂದ ಎರಡು ಮೋಟಾರು ದೋಣಿಗಳೂ ಬಲಕ್ಕೆ ತಿರುಗಬೇಕು. ಅಡ್ಡ ಹಾಯುವಾಗ ನಿನ್ನ ಬಲಗಡೆಯಿಂದ ಬರುವವನಿಗೆ ನೀನು ದಾರಿ ಬಿಡಬೇಕು. ಹಿಂದಿಕ್ಕುವವನು ತಾನೇ ಸುತ್ತಿ ಹೋಗಬೇಕು. ರಾತ್ರಿ ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಹುಟ್ಟು ಹಾಕುವ ಸಣ್ಣ ದೋಣಿಯಲ್ಲಾದರೂ ಒಂದು ಬಿಳಿ ಟಾರ್ಚು ಕೈಗೆ ಸಿಗುವಂತಿರಬೇಕು. ನೀವು ಮಾತ್ರ ಸೂರ್ಯ ಮುಳುಗುವ ಮೊದಲೇ ದಡದಲ್ಲಿರಿ. ಕಯಾಕಿನವರಿಗೆ ಒಂದು ವಿಶೇಷ ಮಾತು: ಮೀನು ತುಂಬಿಕೊಂಡು ಬರುವ ಬೋಟಿಗೆ ಆಳವಿರುವ ಕಿರಿದಾದ ದಾರಿ ಒಂದೇ. ಅದು ತಟ್ಟನೆ ನಿಲ್ಲಲಾರದು, ತಿರುಗಲಾರದು, ಮೇಲೆ ನಿಂತವನಿಗೆ ಮೂತಿಯ ಕೆಳಗಿನ ಕಯಾಕು ಕಾಣಲಾರದು. ಅಂಥ ದಾರಿಯಲ್ಲಿ ಸಣ್ಣ ದೋಣಿ ದೊಡ್ಡದಕ್ಕೆ ಅಡ್ಡಿಯಾಗಕೂಡದು ಎಂದು ನಿಯಮವೇ ಹೇಳುತ್ತದೆ. ದಡದ ಬದಿ ಹಿಡಿಯಿರಿ, ದಾಟಲೇಬೇಕಾದರೆ ಎರಡು ಕಯಾಕೂ ಜೊತೆಯಾಗಿ, ಬೇಗ ದಾಟಿ.

ಮ್ಯಾಂಗ್ರೋವ್ ಅನ್ನುತ್ತೀರಲ್ಲ, ಆ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ಕಾಲುವೆಗಳು ನಿಮಗೆ ಖಂಡಿತ ಇಷ್ಟವಾಗುತ್ತವೆ. ಅಲ್ಲಿಗೆ ಕಯಾಕೇ ಸರಿ, ಮೋಟಾರು ಬೇಡ. ಕೆಸರಿನಲ್ಲಿ ಬೆರಳುದ್ದ ಎದ್ದಿರುವ ಬೇರುಗಳನ್ನು ತುಳಿಯಬೇಡಿ, ದಂಡೆ ಕೊಚ್ಚಿಹೋಗದಂತೆ ಹಿಡಿದಿರುವುದು ಅವೇ. ಬ್ಲೂಟೂತ್ ಸ್ಪೀಕರ್ ಮನೆಯಲ್ಲಿರಲಿ. ಕೊಕ್ಕರೆಗಳ ಚಿಂತೆ ಒಂದು ಕಡೆ, ನಿಮ್ಮ ಹಾಡು ಎರಡೂ ದಂಡೆಯ ಮನೆಗಳಿಗೆ ಕೇಳಿಸುತ್ತದೆ, ನೀರಿನ ಮೇಲೆ ಸದ್ದು ಬಲು ದೂರ ಹೋಗುತ್ತದೆ. ಡಾಲ್ಫಿನ್ ಕಂಡರೆ ಎಂಜಿನ್ ಇಳಿಸಿ ನಿಲ್ಲಿ, ಅವುಗಳ ಮುಂದೆ ಅಡ್ಡಹೋಗುವುದು, ಸುತ್ತುಗಟ್ಟುವುದು ಬೇಡ. ಕಾಸರಕೋಡಿನ ಟೊಂಕದ ಮರಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುವ ಕಾಲವೂ ನೀವು ಬರುವ ಹೊತ್ತೇ, ರಾತ್ರಿ ಅಲ್ಲಿ ಬೆಂಕಿ ಹಾಕಿ ಕೂರುವ ಯೋಜನೆ ಇದ್ದರೆ ಕೈಬಿಡಿ. ಚಿಪ್ಸ್ ಪೊಟ್ಟಣ ತಂದವರೇ ಒಯ್ಯಲಿ.

ಕುಡಿತದ ಬಗ್ಗೆ ಮಾವ ಬರೆಯಬಾರದೆಂದೇನಿಲ್ಲ. ಬಿಸಿಲು, ಗಾಳಿ, ಓಲಾಟ ಇಷ್ಟೇ ಮನುಷ್ಯನನ್ನು ಅರ್ಧ ಮಂಕು ಮಾಡುತ್ತದೆ. ಅದರ ಮೇಲೆ ಬಿಯರ್ ಬಿದ್ದರೆ ತೂಕ ತಪ್ಪುತ್ತದೆ, ಬಿದ್ದವನಿಗೆ ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ದೋಣಿಯಲ್ಲಿ ಒಂದು ಬಾಟಲಿಯೂ ಬೇಡ. ದಡಕ್ಕೆ ಬಂದ ಮೇಲಿನ ವ್ಯವಹಾರ ನನಗೆ ಸಂಬಂಧಿಸಿದ್ದಲ್ಲ, ಅತ್ತೆಗೆ ಗೊತ್ತಾಗದಿದ್ದರೆ ಸರಿ.

ಮಗುಚಿದರೆ? ದೋಣಿಯನ್ನು ಬಿಡಬಾರದು. ದಡ ಹತ್ತಿರ ಕಾಣುತ್ತದೆ, ಈಜಿ ಸೇರುತ್ತೇನೆ ಎಂದು ಹೊರಟವರು ದಾರಿಯಲ್ಲಿ ಸೋಲುತ್ತಾರೆ. ತೇಲುವ ದೋಣಿ ದೂರಕ್ಕೂ ಕಾಣುತ್ತದೆ, ಒಂಟಿ ತಲೆ ಕಾಣುವುದಿಲ್ಲ. ಇನ್ನೊಬ್ಬರು ಬಿದ್ದರೆ ಹಿಂದೆಯೇ ಹಾರಬೇಡಿ, ಹುಟ್ಟು ಚಾಚಿ, ಹಗ್ಗ ಎಸೆಯಿರಿ, ತೇಲುವುದೇನಾದರೂ ಎಸೆಯಿರಿ. ಫೋನು ನೀರು ಹೋಗದ ಚೀಲದಲ್ಲಿ, ಮೈಗೇ ಕಟ್ಟಿರಲಿ. 112 ಎಲ್ಲರಿಗೂ ಗೊತ್ತು, ಕರಾವಳಿ ಕಾವಲು ಪೊಲೀಸರದ್ದು 1093, ಕೋಸ್ಟ್ ಗಾರ್ಡಿನದ್ದು 1554. ಮೂರನ್ನೂ ಈಗಲೇ ಸೇರಿಸಿಕೋ. ಇವೆಲ್ಲಕ್ಕಿಂತ ಮೊದಲು ದಡದಲ್ಲಿ ಒಬ್ಬರಿಗೆ ಹೇಳಿ ಹೋಗಬೇಕು, ಯಾರು ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು. ಆ ಹೊತ್ತಿಗೆ ಬಾರದಿದ್ದರೆ ಹುಡುಕಲು ಜನ ಕಳಿಸುವವನು ನಾನು, ಆದ್ದರಿಂದ ದಾರಿಯಲ್ಲಿ ಮನಸ್ಸು ಬದಲಿಸಿದರೆ ಫೋನು ಮಾಡಿ.

ಕೊನೆಗೆ ಧಕ್ಕೆಯ ಮರ್ಯಾದೆ. ತಾರಿ ದೋಣಿ ನಿಲ್ಲುವ ಜಾಗದಲ್ಲಿ ಕಯಾಕು ಹರಡಿಕೊಂಡು ಗಾಳಿ ಹೊಡೆಯುತ್ತ ಕೂರಬೇಡಿ. ಶಾಲೆಗೆ, ಪೇಟೆಗೆ ಹೋಗುವವರಿಗೆ ಅದೇ ಬಾಗಿಲು. ಇಳಿಯುವ ಮುನ್ನ ಅಲ್ಲಿರುವ ಹಿರಿಯ ಅಂಬಿಗರನ್ನು ‘ಇವತ್ತು ನೀರು ಹೇಗಿದೆ, ಅಜ್ಜ?’ ಎಂದು ಕೇಳಿ. ಅವರು ‘ಇವತ್ತು ಬೇಡ’ ಅಂದರೆ ಕಾರಣ ಕೇಳಿ ತಿಳಿದುಕೊಳ್ಳಿ, ವಾದ ಮಾಡಬೇಡಿ. ನಿಮ್ಮ ಮೊಬೈಲಿನ ಹವಾಮಾನ ಅವರ ತಲೆಯೊಳಗಿನದಕ್ಕಿಂತ ದೊಡ್ಡದಲ್ಲ. ಚಪ್ಪಲಿ ಕಳಚಿಯೇ ತಮ್ಮ ದೋಣಿಗೆ ಹತ್ತುವವರು ಇಲ್ಲಿ ಇನ್ನೂ ಇದ್ದಾರೆ, ಅವರ ದೋಣಿಗೆ ಕಾಲಿಡುವಾಗ ನೀವೂ ಕಳಚಿ.

ಈಗ ನೀನು ಮಾಡಬೇಕಾದ್ದು ಇಷ್ಟು: ಬರುವ ಆರೂ ಜನರ ತೂಕ, ಈಜು ಬರುತ್ತದೋ ಇಲ್ಲವೋ, ಜಾಕೆಟ್ಟಿನ ನ್ಯೂಟನ್ ಎಷ್ಟು ಎಂದು ಬರೆದು ಕಳಿಸು. ತಾರೀಖು ಹೇಳಿದರೆ ಭರತಿಯ ಹೊತ್ತು ನೋಡಿ, ನಂಬಿಕಸ್ಥ ದೋಣಿಯವನೊಬ್ಬನಿಗೆ ನಾನು ಹೇಳಿಡುತ್ತೇನೆ. ಮೊದಲ ದಿನ ಅವನ ದೋಣಿಯಲ್ಲಿ ಕೂತು ಹೊಳೆ ನೋಡಿ, ಎರಡನೆಯ ದಿನ ಕಯಾಕು ಇಳಿಸಿ. ಜಾಕೆಟ್ ತಾರದವರು ಅತ್ತೆಯ ಜೊತೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಬೇಕಾಗುತ್ತದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿಬಿಡು.

ಇತಿ ನಿನ್ನ ಪ್ರೀತಿಯ
ಮಾವ